ಸಗರನಾಡಿನ ಸಾಲಿ ಮಾಸ್ತರರು ಮತ್ತು ನಮ್ಮಪ್ಪ

ನಿವೃತ್ತ ಶಿಕ್ಷಕರ ಸಮಾವೇಶದ ಸ್ಮರಣ ಸಂಚಿಕೆಗೆ ಸಗರನಾಡಿನ ಶಿಕ್ಷಕ ಪರಂಪರೆ ಕುರಿತು ಬರೆದುಕೊಡಿ ಎಂದು ಸಮಿತಿಯವರು ಕೇಳಿದಾಗ ನಾನು ಒಪ್ಪಿಕೊಂಡದ್ದು ನಮ್ಮಪ್ಪನ ಸಲುವಾಗಿ. ಪರಂಪರೆಯ ಬಗ್ಗೆ ಅಧಿಕಾರದಿಂದ ಬರೆಯಬಲ್ಲ ಪ್ರಾಧ್ಯಾಪಕರು ಕಲಬುರಗಿಯಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾನು ಸಗರನಾಡಿನ ಯಾದಗಿರಿ, ಶಹಾಪುರ, ಸುರಪುರ ಮೂರೂ ತಾಲ್ಲೂಕುಗಳ ಹಳ್ಳಿಸಾಲಿಗಳಲ್ಲಿ ಆಯುಷ್ಯ ಸವೆಸಿದ ಒಬ್ಬ ಮಾಸ್ತರನ ಮಗಳು, ಅಷ್ಟೆ. ಲೇಖನದಲ್ಲಿ ಅಪ್ಪ ಸ್ವಲ್ಪ ಹೆಚ್ಚೇ ಕಾಣಿಸಿಕೊಂಡರೆ ಸಂಪಾದಕರು ಕತ್ತರಿ ಆಡಿಸಲಿ. ಆಡಿಸಲಾರರು, ಅವರೂ ಅಪ್ಪನ ಕೈಯಲ್ಲಿ ಕಲಿತವರೇ.

ದೇವರ ದಾಸಿಮಯ್ಯ ಹುಟ್ಟಿದ ಮುದನೂರು ನಮ್ಮ ಸುರಪುರದ ಸೀಮೆಯಲ್ಲಿದೆ. ಸಾವಿರ ವರ್ಷದ ಹಿಂದೆಯೇ ಕನ್ನಡದಲ್ಲಿ ವಚನ ನುಡಿದ ನೆಲವಿದು. ಆದರೆ 1858ರಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕರು ಬ್ರಿಟಿಷರ ವಿರುದ್ಧ ಎದ್ದ ಬಂಡಾಯ ಮುರಿದು, 1860ರಲ್ಲಿ ಸಂಸ್ಥಾನ ಹೈದರಾಬಾದಿನ ನಿಜಾಮರ ಕೈಸೇರಿದ ಮೇಲೆ ಬರಬರುತ್ತ ಕಚೇರಿಯ ಭಾಷೆ ಉರ್ದು ಆಯಿತು, ಮೇಲಿನ ತರಗತಿಗಳ ಪಾಠವೂ ಉರ್ದುವಿನಲ್ಲೇ ನಡೆಯಿತು. ಕನ್ನಡ ಅಕ್ಷರ ಉಳಿದದ್ದು ಮಠದಲ್ಲಿ, ಗುಡಿಯ ಕಟ್ಟೆಯ ಮೇಲೆ, ಖಾನಗಿ (ಖಾಸಗಿ) ಸಾಲಿಗಳಲ್ಲಿ. ಖಾನಗಿ ಸಾಲಿಯ ಮಾಸ್ತರನಿಗೆ ಪಗಾರವೆಂದರೆ ಸುಗ್ಗಿಯಲ್ಲಿ ಮನೆಗಿಷ್ಟು ಜೋಳ, ಅಮಾಸಿಗೊಂದು ತೆಂಗಿನಕಾಯಿ. ನಾಲ್ಕು ಜನ ಸಭೆ ಸೇರಬೇಕೆಂದರೂ ನಿಜಾಮ ಸರ್ಕಾರದ ಗಸ್ತಿ ನಿಶಾನ್ 53 ಎಂಬ ಸುತ್ತೋಲೆಯಂತೆ ಅಪ್ಪಣೆ ಬೇಕಿದ್ದ ಕಾಲ. ಆಗ ರಾಯಚೂರಿನಲ್ಲಿ ಹಮ್ದರ್ದ್ ಶಾಲೆ ಕಟ್ಟಿದ ಪಂಡಿತ ತಾರಾನಾಥರು, ಯಾದಗಿರಿ ಭಾಗದಲ್ಲಿ ಹೋರಾಟಕ್ಕೆ ಜನರನ್ನು ಎಬ್ಬಿಸಿದ ಕೋಲೂರು ಮಲ್ಲಪ್ಪನವರು, ಸುರಪುರ ಸಂಸ್ಥಾನದ ಇತಿಹಾಸ ಬರೆದ ಕಪಟರಾಳ ಕೃಷ್ಣರಾಯರು, ಇವರ ಹೆಸರು ಹೇಳುವಾಗ ಅಪ್ಪ ಕುಳಿತಲ್ಲೇ ನೆಟ್ಟಗಾಗುತ್ತಿದ್ದ. ಅವರ ಹೆಸರುಗಳು ಪುಸ್ತಕದಲ್ಲಿವೆ. ಜೋಳ ಈಸಿಕೊಂಡು ಅಕ್ಷರ ಕಲಿಸಿದವರ ಹೆಸರು ಎಲ್ಲಿಯೂ ಇಲ್ಲ.

ಅಪ್ಪನೂ ಉರ್ದುವಿನಲ್ಲಿ ಓದಿದವನು. 1948ರ ಸೆಪ್ಟೆಂಬರ್ 17ರಂದು ನಿಜಾಮರ ಆಳ್ವಿಕೆ ಮುಗಿದ ನಂತರ ಹಳ್ಳಿಗಳಲ್ಲಿ ಕನ್ನಡ ಸಾಲಿ ತೆರೆಯತೊಡಗಿದಾಗ ಮಾಸ್ತರರೇ ಸಿಗುತ್ತಿರಲಿಲ್ಲ. ಎರಡೂ ಭಾಷೆ ಬಲ್ಲ ಹುಡುಗನೆಂದು ಮರುವರ್ಷವೇ ಕರೆದು ಕೆಲಸ ಕೊಟ್ಟರು. ಅವನ ಸರ್ವಿಸ್ ಬುಕ್ ನನ್ನ ಹತ್ತಿರವಿದೆ. ಮೊದಲ ಪುಟಗಳು ಕಚೇರಿಯ ಶಿಕಸ್ತಾ ಎಂಬ ಓಡುಬರಹದ ಉರ್ದುವಿನಲ್ಲಿವೆ, ಅಪ್ಪನ ಸಹಿಯೂ ಬಲದಿಂದ ಎಡಕ್ಕೆ. ಪಗಾರ ನಿಜಾಮರ ನಾಣ್ಯವಾದ ಹಾಲಿ ಸಿಕ್ಕಾದಲ್ಲಿ. ಏಳು ಹಾಲಿ ರೂಪಾಯಿಗೆ ಆರು ಕಲದಾರ (ಭಾರತ ಸರ್ಕಾರದ ರೂಪಾಯಿ) ಎಂಬ ಲೆಕ್ಕ ಅವನಿಗೆ ಕೊನೆಯವರೆಗೂ ಬಾಯಿಗೆ ಬರುತ್ತಿತ್ತು. ಮುಂದೆ ಪುಟ ತಿರುವಿದರೆ ಸಹಿ ಕನ್ನಡಕ್ಕೆ ಹೊರಳಿದೆ. ಕೊಂಬು, ದೀರ್ಘ ಎಲ್ಲ ಒತ್ತಿ ಬರೆದ ಅಕ್ಷರ. ಹೊಸದಾಗಿ ಕಲಿತ ಮಗುವಿನ ಕೈಯಂತಿದೆ.

ಅವನ ಮೊದಲ ಸಾಲಿ ಕೃಷ್ಣಾ ತೀರದ ಒಂದು ಹಳ್ಳಿಯ ಹಣಮಪ್ಪನ ಗುಡಿ. ಮಳೆ ಬಂದರೆ ರಜೆ, ಜಾತ್ರೆ ಬಂದರೆ ರಜೆ. ಇದು ಅಪ್ಪನಿಗೆ ಸೇರಲಿಲ್ಲ. ಮನೆಗೊಂದು ಬಂಡಿ ಕಲ್ಲು ಎಂದು ಊರಿನ ಮೇಲೆ ಪಟ್ಟಿ ಹಾಕಿದ. ನಮ್ಮ ಕಡೆ ಕಲ್ಲಿಗೇನು ಬರ? ಬರವಿದ್ದದ್ದು ಎತ್ತಿಗೆ ಪುರಸೊತ್ತು ಸಿಗುವುದಕ್ಕೆ. ಬಿತ್ತನೆ ಮುಗಿದ ಮೇಲೆ ಗೌಡರ ಬಂಡಿ, ಕುರುಬರ ಓಣಿಯ ಬಂಡಿ, ದರ್ಗಾದ ಮುಜಾವರರ ಬಂಡಿ ಎಲ್ಲವೂ ಬಂದವು. ದಲಿತರ ಕೇರಿಯವರು ಬಂಡಿ ಇಲ್ಲದ್ದಕ್ಕೆ ತಲೆಯ ಮೇಲೆ ಹೊತ್ತು ತಂದರು. ಅದನ್ನು ನೋಡಿದ ಮೇಲೆ ಅವರ ಮಕ್ಕಳನ್ನು ಹೊರಗೆ ಕೂಡಿಸುವ ಮಾತು ಅಪ್ಪನ ಸಾಲಿಯಲ್ಲಿ ಏಳಲಿಲ್ಲ. ಕೋಣೆ ಎದ್ದಿತು. ಹಲಗೆಗೆ ಬಣ್ಣ ತರಲು ದುಡ್ಡಿಲ್ಲ. ಅಪ್ಪ ಇದ್ದಿಲು ಅರೆದು, ತೊಂಡೆ ಎಲೆಯ ರಸ ಕಲಸಿ, ಶನಿವಾರ ಮಧ್ಯಾಹ್ನ ಹಚ್ಚಿ ಒಣಗಿಸುತ್ತಿದ್ದ. ಸೋಮವಾರ ಅವನ ಉಗುರುಗಳೂ ಹಲಗೆಯ ಬಣ್ಣಕ್ಕೇ ಇರುತ್ತಿದ್ದವು. ಆ ಕೋಣೆ ಇವತ್ತಿಗೂ ನಿಂತಿದೆ. ಆಮೇಲೆ ಸರ್ಕಾರ ಕಟ್ಟಿಸಿದ ಎರಡು ಕೋಣೆ ಸೋರುತ್ತವೆ!

1972ರ ಬರದಲ್ಲಿ ಸಾಲಿ ಖಾಲಿಯಾಯಿತು. ತಮ್ಮ ಅಪ್ಪ ಅವ್ವಂದಿರ ಜೊತೆ ಮಕ್ಕಳೂ ಬರಗಾಲದ ಕಾಮಗಾರಿಗೆ ಜಲ್ಲಿ ಒಡೆಯಲು ಹೋಗುತ್ತಿದ್ದವು. ನಮ್ಮಪ್ಪ ಹಲಗೆ ಹೊರಿಸಿಕೊಂಡು ಕಾಮಗಾರಿಯ ಜಾಗಕ್ಕೇ ಹೋಗಿ ಬೇವಿನ ಗಿಡದ ಕೆಳಗೆ ನಿಂತ. ಅವ್ವ ಬೈದಳು, ಮೇಲಿನವರು ಕೇಳಿದರೆ ಏನು ಹೇಳುತ್ತೀ ಎಂದು. "ಸಾಲಿ ಅಂದ್ರ ಗ್ವಾಡಿ ಅಲ್ಲ, ಹುಡುಗರು ಎಲ್ಲಿದಾರ ಅಲ್ಲೇ ಸಾಲಿ" ಎಂದ. ಮನೆಯಲ್ಲಿ ಆ ವರ್ಷ ಗೋಧಿ ಕಂಡವರಿಲ್ಲ. ಸಜ್ಜೆ ರೊಟ್ಟಿ, ಪುಂಡಿಪಲ್ಯದಲ್ಲೇ ದಿನ ದೂಡಿದೆವು.

ಉಳಿದದ್ದನ್ನು ಬೇಗ ಹೇಳುತ್ತೇನೆ. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. 1958ರಲ್ಲಿ ಮಹಾದೇವಪ್ಪ ರಾಂಪುರೆಯವರು ಕಲಬುರಗಿಯಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಕಟ್ಟಿದ ಮೇಲೆ ನಮ್ಮ ಹುಡುಗರಿಗೆ ಕಾಲೇಜು ಹತ್ತಿರವಾಯಿತು. 1982ರಲ್ಲಿ ನಾರಾಯಣಪುರದ ಅಣೆಕಟ್ಟು ಮುಗಿದು, ಕಾಲುವೆಗೆ ನೀರು ಬಂದು, ಜೋಳದ ಹೊಲ ಭತ್ತದ ಗದ್ದೆಯಾಯಿತು. ಆ ಹೊತ್ತಿಗೆ ಅಪ್ಪ ನಿವೃತ್ತಿಯ ಅಂಚಿನಲ್ಲಿದ್ದ. 2009ರ ಡಿಸೆಂಬರ್ 30ರಂದು ಯಾದಗಿರಿ ಜಿಲ್ಲೆಯಾಯಿತು. ಪೆನ್ಷನ್ ಕಾಗದಕ್ಕೆ ಕಲಬುರಗಿಗೆ ಎಡತಾಕುವುದು ತಪ್ಪಿತೆಂದು ಅಪ್ಪ ಪೇಡೆ ಹಂಚಿದ.

ನಡುವೆ ಶಿಕ್ಷಕರ ಸಂಘ ಎರಡು ಬಣವಾಗಿದ್ದನ್ನು ಹಿರಿಯರೆಲ್ಲ ಬಲ್ಲರು. ಯಾಕೆ, ಯಾರಿಂದ ಎಂಬುದು ಈ ಸಂಚಿಕೆಯ ವಿಷಯವಲ್ಲ. ಎರಡೂ ಕಡೆಯವರು ನಮ್ಮ ಮನೆಯ ಚಹಾ ಕುಡಿದಿದ್ದಾರೆ. ಅಪ್ಪ ಎರಡೂ ಕಡೆ ಚಂದಾ ಕಟ್ಟುತ್ತಿದ್ದ ಎಂಬುದನ್ನು ಮಾತ್ರ ದಾಖಲಿಸುತ್ತೇನೆ.

ಅಪ್ಪ ಒಂದು ವರ್ಷವೂ ತಿಂಥಣಿ ಮೌನೇಶ್ವರನ ಜಾತ್ರೆ ತಪ್ಪಿಸಿದವನಲ್ಲ. ದೇವರ ಹತ್ತಿರ ಏನು ಬೇಡಿಕೊಂಡೆ ಎಂದರೆ, "ನಿನಗೊಂದು ನೌಕರಿ, ಯವ್ವಾ" ಎನ್ನುತ್ತಿದ್ದ. ಓಣಿಯ ಹೆಣ್ಣುಮಕ್ಕಳಿಗೆಲ್ಲ ಹದಿನೈದಕ್ಕೆ ಮದುವೆಯಾಗುತ್ತಿದ್ದಾಗ ನನ್ನನ್ನು ಶಿಕ್ಷಕರ ತರಬೇತಿಗೆ ಕಳಿಸಿದ. ನೆಂಟರು ಮಾತು ಬಿಟ್ಟರು. ನನಗೆ ಕೆಲಸದ ಆದೇಶ ಬಂದ ದಿನ ಅದೇ ನೆಂಟರನ್ನು ಕರೆದು ಹೋಳಿಗೆ ಊಟ ಹಾಕಿಸಿದ. ನನ್ನ ಲೆಕ್ಕದಲ್ಲಿ ಸಗರನಾಡಿನ ಶಿಕ್ಷಣ ಚರಿತ್ರೆಯ ದೊಡ್ಡ ಘಟನೆ ಅದೇ. ಸಮಿತಿಯವರು ಒಪ್ಪಲಿಕ್ಕಿಲ್ಲ.

ತೊಂಬತ್ತು ದಾಟಿ ಬದುಕಿದ. 2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ಶೇ 51.83, ರಾಜ್ಯದಲ್ಲೇ ಕಡಿಮೆ ಎಂದು ಪೇಪರಿನಲ್ಲಿ ಬಂದಾಗ ಅಪ್ಪ ಆ ಸುದ್ದಿಯನ್ನು ಎರಡು ಸಲ ಓದಿಸಿ, "ಅರ್ಧ ಕೆಲಸ ಆಗ್ಯಾದ" ಎಂದ. ನನಗೆ ಅಷ್ಟು ಸಮಾಧಾನ ಬರಲಿಲ್ಲ, ಇವತ್ತಿಗೂ ಬಂದಿಲ್ಲ. ಸಮಾವೇಶದ ವೇದಿಕೆಯಲ್ಲಿ ಹಾರ ಹಾಕುವುದರ ಜೊತೆಗೆ ಈ ಅಂಕಿಯನ್ನೂ ಯಾರಾದರೂ ಓದಲಿ.

ಕೊನೆಗೊಂದು ಬಿನ್ನಹ. ಹಳೆಯ ಸರ್ವಿಸ್ ಬುಕ್, ಹಾಜರಿ ಪುಸ್ತಕ, ಗುಂಪು ಫೋಟೊ ಯಾರ ಮನೆಯ ಟ್ರಂಕಿನಲ್ಲಿದ್ದರೂ ರದ್ದಿಗೆ ಹಾಕದೆ ಸಮಿತಿಗೆ ತಲುಪಿಸಿ. ಶಿಕಸ್ತಾ ಓದಬಲ್ಲ ಹಿರಿಯರು ಕಡಿಮೆಯಾಗುತ್ತಿದ್ದಾರೆ. ಅವರಿರುವಾಗಲೇ ಓದಿಸಿ, ಯಾವ ಹಳ್ಳಿಯಲ್ಲಿ ಯಾವ ಮಾಸ್ತರ ಇದ್ದ ಎಂಬ ಪಟ್ಟಿಯನ್ನು ಮುಂದಿನ ಸಂಚಿಕೆಗೆ ಸಿದ್ಧಮಾಡೋಣ. ಅಪ್ಪನ ಪುಸ್ತಕವನ್ನು ನಾನು ಈಗಾಗಲೇ ಕೊಟ್ಟಿದ್ದೇನೆ.