ಇಲೆವೆನ್ ಪ್ಲಸ್ ಪರೀಕ್ಷೆ ನಡೆದುಬಂದ ದಾರಿ



ಗಣೇಶನ ಹಬ್ಬದ ಕಾರ್ಯಕ್ರಮಕ್ಕೆ ಮಕ್ಕಳ ಹೆಸರು ಬರೆದುಕೊಳ್ಳುವಾಗ ಸಂಘದ ಸ್ವಯಂಸೇವಕರಾದ ನಾವು ಪ್ರತಿವರ್ಷವೂ ಒಂದೇ ಮಾತನ್ನು ಕೇಳುತ್ತೇವೆ: "ಈ ವರ್ಷ ನಮ್ಮ ಮಗುವನ್ನು ಬಿಟ್ಟುಬಿಡಿ, ಸೆಪ್ಟೆಂಬರಿನಲ್ಲಿ ಇಲೆವೆನ್ ಪ್ಲಸ್ ಇದೆ." ಹಾಡು, ನಾಟಕಗಳಿಂದ ಹಿಂದೆ ಸರಿದ ಮಗು ಕೆಲವೊಮ್ಮೆ ಭಾನುವಾರದ ಕನ್ನಡ ತರಗತಿಯಿಂದಲೂ ಮರೆಯಾಗುತ್ತದೆ. ಹತ್ತು ವರ್ಷದ ಮಗುವಿನ ಮನೆಯನ್ನು ಇಷ್ಟರಮಟ್ಟಿಗೆ ಆಳುವ ಈ ಪರೀಕ್ಷೆ ಎಲ್ಲಿಂದ ಬಂತು, ಯಾವ ಉದ್ದೇಶಕ್ಕಾಗಿ ಹುಟ್ಟಿತು, ಕಾಲಕ್ರಮದಲ್ಲಿ ಏನಾಯಿತು ಎಂಬುದನ್ನು ತಿಳಿದುಕೊಂಡರೆ ಅದರ ಭಯ ಸ್ವಲ್ಪ ಕಡಿಮೆಯಾದೀತು ಎಂಬ ಆಶಯದಿಂದ ಈ ಲೇಖನವನ್ನು ಬರೆಯುತ್ತಿದ್ದೇವೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಪ್ರೌಢಶಿಕ್ಷಣ ಬಹುಮಟ್ಟಿಗೆ ಶುಲ್ಕ ತೆರಬಲ್ಲವರ ಸೊತ್ತಾಗಿತ್ತು. ಬಡವರ ಮಕ್ಕಳು ಪ್ರಾಥಮಿಕ ಶಾಲೆ ಮುಗಿಸಿ ದುಡಿಮೆಗೆ ಇಳಿಯುತ್ತಿದ್ದರು. 1907ರಲ್ಲಿ ಸರ್ಕಾರ ಒಂದು ನಿಯಮವನ್ನು ತಂದಿತು. ಪೂರ್ಣ ಸರ್ಕಾರಿ ಅನುದಾನ ಬಯಸುವ ಪ್ರೌಢಶಾಲೆಗಳು ಸಾಮಾನ್ಯವಾಗಿ ತಮ್ಮ ಸ್ಥಾನಗಳಲ್ಲಿ ಕಾಲುಭಾಗವನ್ನು ಸಾರ್ವಜನಿಕ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಉಚಿತವಾಗಿ ಕೊಡಬೇಕಾಯಿತು. ಸ್ಥಾನಗಳು ಕೆಲವೇ, ಬಯಸುವವರು ಹಲವರು. ಆಯ್ಕೆಗೆ ಪರೀಕ್ಷೆ ಬೇಕಾಯಿತು. ಜನ ಅದನ್ನು 'ಸ್ಕಾಲರ್‌ಶಿಪ್' ಎಂದೇ ಕರೆದರು. ಬಾಗಿಲು ಮುಚ್ಚುವುದಕ್ಕಲ್ಲ, ಮುಚ್ಚಿದ್ದ ಬಾಗಿಲನ್ನು ಕೊಂಚ ತೆರೆಯುವುದಕ್ಕಾಗಿ ಬಂದ ಪರೀಕ್ಷೆ ಅದು.

ಬುದ್ಧಿಮತ್ತೆಯ ಪರೀಕ್ಷೆಗಳ ಮೂಲವೂ ಇಂಥದ್ದೇ. 1905ರಲ್ಲಿ ಪ್ಯಾರಿಸ್ಸಿನಲ್ಲಿ ಆಲ್ಫ್ರೆಡ್ ಬಿನೆ ಮತ್ತು ಸಿಮೋನ್ ತಮ್ಮ ಮೊದಲ ಪರೀಕ್ಷೆಯನ್ನು ರೂಪಿಸಿದ್ದು ಕಲಿಕೆಯಲ್ಲಿ ಹೆಚ್ಚಿನ ನೆರವು ಬೇಕಾದ ಮಕ್ಕಳನ್ನು ಗುರುತಿಸುವುದಕ್ಕಾಗಿ. ಬುದ್ಧಿ ಎಂಬುದು ಹುಟ್ಟಿನಲ್ಲೇ ಅಳೆದಿಟ್ಟ, ಬದಲಾಗದ ಪ್ರಮಾಣ ಎಂಬ ವಾದವನ್ನು ಬಿನೆ ಒಪ್ಪಲಿಲ್ಲ. ಇಂಗ್ಲೆಂಡಿನಲ್ಲಿ ಗಾಡ್‌ಫ್ರೆ ಥಾಮ್ಸನ್ ಎಂಬ ವಿದ್ವಾಂಸರು 1921ರಲ್ಲಿ ನಾರ್ಥಂಬರ್ಲೆಂಡ್ ಸೀಮೆಗಾಗಿ ಇಂಥ ಪರೀಕ್ಷೆಯೊಂದನ್ನು ಸಿದ್ಧಪಡಿಸಿದರು. ಹಳ್ಳಿಗಾಡಿನ ಶಾಲೆಗಳಿಂದ ಉಚಿತ ಸ್ಥಾನಗಳಿಗೆ ಮಕ್ಕಳು ಬರುತ್ತಲೇ ಇರಲಿಲ್ಲ. ಅಲ್ಲಿ ಪ್ರತಿಭೆಯಿಲ್ಲವೋ, ಅಥವಾ ಪ್ರತಿಭೆಯನ್ನು ಕಾಣುವ ಕಣ್ಣಿಲ್ಲವೋ ಎಂಬುದು ಅವರ ಮುಂದಿದ್ದ ಪ್ರಶ್ನೆ. ಮುಂದೆ ಎಡಿನ್‌ಬರೊದಲ್ಲಿ ಅವರು ಬೆಳೆಸಿದ 'ಮೋರೆ ಹೌಸ್' ಪರೀಕ್ಷೆಗಳು ದಶಕಗಳ ಕಾಲ ಬಳಕೆಯಲ್ಲಿದ್ದವು. ನಮ್ಮ ನಾಡಿನ ಓದುಗರಿಗೆ ಇದು ಅಪರಿಚಿತವಲ್ಲ. 1986ರ ಬಳಿಕ ಬಂದ ನವೋದಯ ವಿದ್ಯಾಲಯಗಳು ಆರನೆಯ ತರಗತಿಗೆ ಪರೀಕ್ಷೆ ನಡೆಸಿ, ಕನಿಷ್ಠ ಮುಕ್ಕಾಲು ಭಾಗ ಸ್ಥಾನಗಳನ್ನು ಗ್ರಾಮೀಣ ಮಕ್ಕಳಿಗೆ ಮೀಸಲಿಟ್ಟದ್ದು ಇದೇ ಆಶಯದಿಂದ.

ಎರಡನೆಯ ಮಹಾಯುದ್ಧದ ಹೊತ್ತಿಗೆ ಆಶಯದ ಜಾಗದಲ್ಲಿ ಒಂದು ಸಿದ್ಧಾಂತ ಬಂದು ಕುಳಿತಿತ್ತು. ಲಂಡನ್ನಿನ ಪ್ರಭಾವಿ ಮನಶ್ಶಾಸ್ತ್ರಜ್ಞ ಸಿರಿಲ್ ಬರ್ಟ್, ಬುದ್ಧಿಮತ್ತೆ ಬಹುಪಾಲು ಆನುವಂಶಿಕವೆಂದೂ ಅದನ್ನು ಎಳೆಯ ವಯಸ್ಸಿನಲ್ಲೇ ಅಳೆಯಬಹುದೆಂದೂ ಪ್ರತಿಪಾದಿಸಿದರು. 1943ರ ನಾರ್‌ವುಡ್ ವರದಿ ಮಕ್ಕಳಲ್ಲಿ ಮೂರು ಬಗೆಯ ಮನಸ್ಸುಗಳಿವೆ ಎಂದಿತು: ವಿದ್ಯೆಯನ್ನು ವಿದ್ಯೆಗಾಗಿಯೇ ಪ್ರೀತಿಸುವವರು, ತಾಂತ್ರಿಕ ಒಲವುಳ್ಳವರು, ಕೈಗೆ ಸಿಗುವ ವಸ್ತುಗಳೊಡನೆ ಮಾತ್ರ ಸಲೀಸಾಗಿ ವ್ಯವಹರಿಸುವವರು. 1944ರ ಶಿಕ್ಷಣ ಕಾಯಿದೆ ಎಲ್ಲ ಮಕ್ಕಳಿಗೂ ಉಚಿತ ಪ್ರೌಢಶಿಕ್ಷಣವನ್ನು ಕೊಟ್ಟ ಮಹತ್ತ್ವದ ಕಾಯಿದೆ. ಅದರಲ್ಲಿ ಇಲೆವೆನ್ ಪ್ಲಸ್ ಎಂಬ ಮಾತೇ ಇರಲಿಲ್ಲ. ಆದರೆ ಆಡಳಿತದಲ್ಲಿ ಗ್ರಾಮರ್, ಟೆಕ್ನಿಕಲ್, ಸೆಕೆಂಡರಿ ಮಾಡರ್ನ್ ಎಂಬ ಮೂರು ಬಗೆಯ ಶಾಲೆಗಳು ರೂಢಿಗೆ ಬಂದವು. ಟೆಕ್ನಿಕಲ್ ಶಾಲೆಗಳು ಹೆಚ್ಚಾಗಿ ಕಟ್ಟಲ್ಪಡಲಿಲ್ಲ. ಹಾಗಾಗಿ ಒಂದು ಬೆಳಗಿನ ಪರೀಕ್ಷೆ ಹತ್ತು ಹನ್ನೊಂದು ವರ್ಷದ ಮಕ್ಕಳನ್ನು 'ಪಾಸಾದವರು', 'ಫೇಲಾದವರು' ಎಂದು ಎರಡು ಸಾಲಾಗಿ ಬೇರ್ಪಡಿಸಿತು.

ವೈದ್ಯರಾದ ನಮಗೆ ಇಲ್ಲಿಯೇ ಒಂದು ಮಾತು ಹೊಳೆಯುತ್ತದೆ. ಯಾವ ತಪಾಸಣಾ ಪರೀಕ್ಷೆಯೂ ಪೂರ್ಣ ನಿರ್ದುಷ್ಟವಲ್ಲ. ರೋಗವಿಲ್ಲದವರನ್ನು ರೋಗಿಯೆಂದೂ ರೋಗವಿರುವವರನ್ನು ಆರೋಗ್ಯವಂತರೆಂದೂ ಅದು ಒಮ್ಮೊಮ್ಮೆ ಹೇಳಿಬಿಡುತ್ತದೆ. ಗೆರೆಯನ್ನು ಎಲ್ಲಿ ಎಳೆದರೂ ಅದರ ಆಚೀಚೆ ನಿಂತವರಲ್ಲಿ ತಪ್ಪು ನಡೆದೇ ನಡೆಯುತ್ತದೆ. ಇಂಗ್ಲೆಂಡಿನ ರಾಷ್ಟ್ರೀಯ ಶಿಕ್ಷಣ ಸಂಶೋಧನಾ ಪ್ರತಿಷ್ಠಾನಕ್ಕಾಗಿ ಯೇಟ್ಸ್ ಮತ್ತು ಪಿಜನ್ 1957ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು. ಆಗ ಲಭ್ಯವಿದ್ದ ಉತ್ತಮ ವಿಧಾನಗಳನ್ನು ಅನುಸರಿಸಿದರೂ ನೂರರಲ್ಲಿ ಸುಮಾರು 10 ಮಕ್ಕಳು ತಮಗೆ ಹೊಂದದ ಶಾಲೆಗೆ ಸೇರುತ್ತಿದ್ದರು.

ಗೆರೆ ಕೂಡ ಎಲ್ಲೆಡೆ ಒಂದೇ ಆಗಿರಲಿಲ್ಲ. ಕೆಲವು ಪ್ರದೇಶಗಳಲ್ಲಿ ನೂರಕ್ಕೆ 10ರಷ್ಟು ಮಕ್ಕಳಿಗೆ ಗ್ರಾಮರ್ ಶಾಲೆಯಲ್ಲಿ ಸ್ಥಳವಿದ್ದರೆ ಇನ್ನು ಕೆಲವೆಡೆ 40ಕ್ಕೂ ಹೆಚ್ಚು ಮಕ್ಕಳಿಗೆ ಇತ್ತು. ಅದೇ ಮಗು, ಅದೇ ಅಂಕ. ಒಂದು ಜಿಲ್ಲೆಯಲ್ಲಿ ಜಾಣ, ಪಕ್ಕದ ಜಿಲ್ಲೆಯಲ್ಲಿ ದಡ್ಡ. ಹೆಣ್ಣುಮಕ್ಕಳಿಗೆ ಮೀಸಲಾದ ಗ್ರಾಮರ್ ಸ್ಥಾನಗಳು ಕಡಿಮೆಯಿದ್ದ ಊರುಗಳಲ್ಲಿ ಅವರು ಹುಡುಗರಿಗಿಂತ ಹೆಚ್ಚು ಅಂಕ ಗಳಿಸಬೇಕಾಗಿತ್ತು. ಬರ್ಮಿಂಗ್‌ಹ್ಯಾಮಿನಲ್ಲಿ ಇದು ಲಿಂಗತಾರತಮ್ಯವೇ ಸರಿ ಎಂದು ಹೌಸ್ ಆಫ್ ಲಾರ್ಡ್ಸ್ ತೀರ್ಪಿತ್ತದ್ದು 1989ರಲ್ಲಿ.

ಸಿರಿಲ್ ಬರ್ಟ್ 1971ರಲ್ಲಿ ನಿಧನರಾದರು. ಕೆಲವೇ ವರ್ಷಗಳಲ್ಲಿ, ಅವಳಿ ಮಕ್ಕಳ ಬಗ್ಗೆ ಅವರು ಪ್ರಕಟಿಸಿದ್ದ ಅಂಕಿ ಅಂಶಗಳು ನಂಬಲರ್ಹವೇ ಎಂಬ ಗಂಭೀರ ಪ್ರಶ್ನೆ ಎದ್ದಿತು. ಆ ವೇಳೆಗೆ ಸಮಾಜವೂ ಬದಲಾಗಿತ್ತು. 1965ರಲ್ಲಿ ಶಿಕ್ಷಣ ಸಚಿವ ಆಂಟನಿ ಕ್ರಾಸ್‌ಲೆಂಡ್ ಹೊರಡಿಸಿದ ಸುತ್ತೋಲೆ, ಎಲ್ಲ ಮಕ್ಕಳೂ ಒಟ್ಟಿಗೆ ಕಲಿಯುವ ಕಾಂಪ್ರೆಹೆನ್ಸಿವ್ ಶಾಲೆಗಳತ್ತ ಸಾಗುವಂತೆ ಸ್ಥಳೀಯ ಆಡಳಿತಗಳನ್ನು ಕೇಳಿಕೊಂಡಿತು. ಆ ಕಾಲಕ್ಕೆ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಸುಮಾರು 1,300 ಗ್ರಾಮರ್ ಶಾಲೆಗಳಿದ್ದವು. ಇಂದು ಇಂಗ್ಲೆಂಡಿನಲ್ಲಿ ಉಳಿದಿರುವವು 163. ವೇಲ್ಸಿನಲ್ಲಿ ಒಂದೂ ಇಲ್ಲ. 1998ರ ಕಾನೂನು ಹೊಸದಾಗಿ ಇಂಥ ಶಾಲೆ ತೆರೆಯುವುದನ್ನು ನಿಷೇಧಿಸಿದೆ. ಕೆಂಟ್, ಬಕಿಂಗ್‌ಹ್ಯಾಮ್‌ಶೈರ್, ಲಿಂಕನ್‌ಶೈರ್‌ಗಳಲ್ಲಿ ಹಳೆಯ ಪದ್ಧತಿ ಬಹುಮಟ್ಟಿಗೆ ಉಳಿದಿದೆ. ಉಳಿದೆಡೆ ಚದುರಿದ ಕೆಲವು ಶಾಲೆಗಳಿವೆ. ಬಡ ಮಗುವನ್ನು ಹುಡುಕಲೆಂದು ಹುಟ್ಟಿದ ಪರೀಕ್ಷೆ ಇಂದು ಟ್ಯೂಷನ್ನಿಗೆ ಹಣ ಕೊಡಬಲ್ಲ ನಮ್ಮಂಥವರ ಸ್ಪರ್ಧೆಯಾಗಿರುವುದು ಇತಿಹಾಸದ ವ್ಯಂಗ್ಯ. ಇದನ್ನು ಒಪ್ಪಿಕೊಳ್ಳಲು ನಾವು ಹಿಂಜರಿಯಬಾರದು.

ಮಕ್ಕಳನ್ನು ಸಿದ್ಧಪಡಿಸಲೇಬಾರದು ಎಂಬುದು ನಮ್ಮ ಅಭಿಪ್ರಾಯವಲ್ಲ. ಇಂಗ್ಲಿಷ್, ಗಣಿತ, ಪದತರ್ಕ, ಚಿತ್ರತರ್ಕ ಇವುಗಳಲ್ಲಿ ಯಾವುವು ಇರುತ್ತವೆ ಎಂಬುದು ಊರಿನಿಂದ ಊರಿಗೆ ಬದಲಾಗುತ್ತದೆ. ತಮಗೆ ಬೇಕಾದ ಶಾಲೆಯ ಪ್ರಕಟಣೆಯನ್ನೇ ಓದುವುದು ಲೇಸು. ಹೆಸರು ನೋಂದಾಯಿಸುವ ಅವಧಿ ಅನೇಕ ಕಡೆ ಐದನೆಯ ವರ್ಷದ ಬೇಸಿಗೆಯಲ್ಲಿಯೇ ಮುಗಿದುಹೋಗುತ್ತದೆ. ಸಾಮಾನ್ಯವಾಗಿ ಅಂಕಗಳನ್ನು ಮಗುವಿನ ವಯಸ್ಸಿಗೆ ಹೊಂದಿಸುವುದರಿಂದ ಆಗಸ್ಟಿನಲ್ಲಿ ಹುಟ್ಟಿದ ಮಗುವಿನ ತಂದೆತಾಯಿಗಳು ಅಷ್ಟಾಗಿ ಕಳವಳಪಡಬೇಕಿಲ್ಲ. ಅಕ್ಟೋಬರ್ 31ರೊಳಗೆ ಶಾಲೆಗಳ ಪಟ್ಟಿಯನ್ನು ಸಲ್ಲಿಸುವಾಗ ಪರೀಕ್ಷೆಯಿಲ್ಲದ ಒಳ್ಳೆಯ ಶಾಲೆಯೊಂದನ್ನೂ ಮನಃಪೂರ್ವಕವಾಗಿ ಸೇರಿಸಿರಿ. ದಿನಕ್ಕೆ ಅರ್ಧ ಗಂಟೆಯ ಅಭ್ಯಾಸ, ಇಷ್ಟಪಟ್ಟ ಪುಸ್ತಕದ ಓದು, ತಪ್ಪದ ನಿದ್ರೆ ಇವು ನಮ್ಮ ವೈದ್ಯಸಲಹೆ. ಹೊಟ್ಟೆನೋವು, ತಲೆನೋವು ಎಂದು ಮಗು ಪದೇ ಪದೇ ಹೇಳುತ್ತಿದ್ದರೆ ಅದನ್ನು ನೆಪವೆಂದು ತಳ್ಳಿಹಾಕಬೇಡಿರಿ.

ನಮ್ಮ ಮನೆಯ ಸಂಗತಿಯನ್ನೂ ಹೇಳಿಬಿಡುತ್ತೇವೆ. ನಾವು ಪಿಯುಸಿ ಮುಗಿಸಿ ಸಿಇಟಿ ಬರೆದು, ರ್‍ಯಾಂಕಿನ ಬಲದಿಂದ ವೈದ್ಯಕೀಯ ಕಾಲೇಜು ಸೇರಿದ ಪೀಳಿಗೆಯವರು. ಪರೀಕ್ಷೆಯೇ ನಮ್ಮನ್ನು ದಡ ಸೇರಿಸಿತೆಂಬ ನಂಬಿಕೆ ನಮ್ಮಲ್ಲಿ ಆಳವಾಗಿತ್ತು. ಹಿರಿಯ ಮಗಳ ಐದನೆಯ ವರ್ಷದಲ್ಲಿ ಭಾನುವಾರದ ಸಮಯ ಬೇಕೆಂದು ಅವಳನ್ನು ಕನ್ನಡ ತರಗತಿಯಿಂದ ಬಿಡಿಸಿದೆವು. ಒಂದೇ ವರ್ಷಕ್ಕೆಂದು ಬಿಡಿಸಿದ್ದು. ಗ್ರಾಮರ್ ಶಾಲೆ ಎರಡು ಅಂಕಗಳಿಂದ ತಪ್ಪಿತು. ಹತ್ತಿರದ ಶಾಲೆಯಲ್ಲಿ ಅವಳು ಚೆನ್ನಾಗಿಯೇ ಓದಿದಳು. ಆ ಎರಡು ಅಂಕಗಳು ಅವಳಿಂದ ಏನನ್ನೂ ಕಸಿಯಲಿಲ್ಲ. ಕನ್ನಡ ತರಗತಿಗೆ ಮಾತ್ರ ಅವಳು ಮರಳಲಿಲ್ಲ. ಈಗ ಊರಿನಿಂದ ಅಜ್ಜಿ ಫೋನ್ ಮಾಡಿದಾಗ ಅವಳು ಎರಡು ಮಾತಾಡಿ ಫೋನನ್ನು ನಮ್ಮ ಕೈಗೆ ಕೊಡುತ್ತಾಳೆ. ಆ ಲೆಕ್ಕದಲ್ಲಿ ಸೋತವರು ಅವಳಲ್ಲ, ನಾವು.

ಬ್ರಿಟನ್ನಿನ ಉಪಪ್ರಧಾನಿಯಾಗಿ ಹತ್ತು ವರ್ಷ ಕೆಲಸ ಮಾಡಿದ ಜಾನ್ ಪ್ರೆಸ್ಕಾಟ್ ಈ ಪರೀಕ್ಷೆಯಲ್ಲಿ ಅನುತ್ತೀರ್ಣರಾದವರು. ಹಡಗಿನಲ್ಲಿ ಪರಿಚಾರಕರಾಗಿ ದುಡಿದು, ಅನಂತರ ಆಕ್ಸ್‌ಫರ್ಡಿನ ರಸ್ಕಿನ್ ಕಾಲೇಜಿನಲ್ಲಿಯೂ ಹಲ್ ವಿಶ್ವವಿದ್ಯಾಲಯದಲ್ಲಿಯೂ ಓದಿದರು. ಅಷ್ಟೆಲ್ಲ ಏರಿದ ಮೇಲೂ ಬಾಲ್ಯದ ಆ ಸೋಲಿನ ನೋವನ್ನು ಅವರು ಮರೆಯಲಿಲ್ಲ. ಅಂಕಪಟ್ಟಿಗಿಂತ ಹೆಚ್ಚು ಕಾಲ ಉಳಿಯುವುದು 'ನೀನು ಸಾಲದು' ಎಂಬ ಮಾತು. ಆ ಮಾತನ್ನು ಆಡುವುದೂ ಆಡದಿರುವುದೂ ಮನೆಯವರ ಕೈಯಲ್ಲಿದೆ.

ಈ ಸೆಪ್ಟೆಂಬರಿನಲ್ಲಿ ನಮ್ಮ ಕಿರಿಯ ಮಗನೂ ಈ ಪರೀಕ್ಷೆ ಬರೆಯಲಿದ್ದಾನೆ. ಅವನು ಭಾನುವಾರದ ತರಗತಿಯಲ್ಲಿ ಒತ್ತಕ್ಷರಗಳನ್ನು ಕಲಿಯುತ್ತಿದ್ದಾನೆ. ಗಣೇಶನ ಹಬ್ಬದ ನಾಟಕದಲ್ಲಿ ಇಲಿಯ ಪಾತ್ರಕ್ಕೆ ಅವನ ಹೆಸರನ್ನು ಬರೆಸಿದ್ದೇವೆ. ಪರೀಕ್ಷೆಯ ಸಿದ್ಧತೆಯಲ್ಲಿರುವ ಇತರ ಮಕ್ಕಳಿಗೂ ಪಾತ್ರಗಳು ಉಳಿದಿವೆ. ದಯವಿಟ್ಟು ಕಳುಹಿಸಿಕೊಡಿ.