‘ಕಾಸ್ಟ್’: ಒಂದು ಮಡಿ ಶಬ್ದದ ಬೇರು

ಜಾತಿಯ ಬಗ್ಗೆ ಇಂಗ್ಲಿಷಿನಲ್ಲಿ ಮಾತಾಡುವವರಿಗೆ ಒಂದು ಸೌಕರ್ಯವಿದೆ. ‘ಕಾಸ್ಟ್’ ಅಂದರೆ ಸಾಕು, ಹೊಲಗೇರಿ ಮರೆಯಾಗಿ ಸಮಾಜಶಾಸ್ತ್ರ ಮುಂದೆ ಬಂದು ಕೂರುತ್ತದೆ. ಈ ಶಬ್ದ ಅಷ್ಟು ತಟಸ್ಥವೇ? ಇದರ ಜಾತಿ ಯಾವುದು, ನೋಡೇ ಬಿಡೋಣ ಅಂತ ನಾನು ಬೇರು ಹಿಡಿದು ಹೊರಟೆ.

ಇದು ಇಂಗ್ಲಿಷರದ್ದಲ್ಲ, ಪೋರ್ಚುಗೀಸರ ‘ಕಾಸ್ತಾ’. ಅರ್ಥ: ತಳಿ, ಕುಲ. ಕುದುರೆಯ ತಳಿಗೂ ಅದೇ ಮಾತು, ದ್ರಾಕ್ಷಿಯ ತಳಿಗೂ ಅದೇ. 1498ರಲ್ಲಿ ಕಲ್ಲಿಕೋಟೆಗೆ ಬಂದು, 1510ರಲ್ಲಿ ಗೋವಾ ಹಿಡಿದವರು ಇಲ್ಲಿನ ಜಾತಿಗಳಿಗೆ ತಮ್ಮ ಈ ಮಾತನ್ನು ಅಂಟಿಸಿದರು. ರಕ್ತ ನೋಡಿ ಮನುಷ್ಯರನ್ನು ದೂರವಿಡುವುದು ಅವರ ಕಡೆಗೂ ಹೊಸದಲ್ಲ. ನೆರೆಯ ಸ್ಪೇನಿನ ತೊಲೆದೊದಲ್ಲಿ 1449ರಲ್ಲೇ, ಕ್ರೈಸ್ತರಾದ ಯೆಹೂದಿ ವಂಶದವರನ್ನು ಅಧಿಕಾರದಿಂದ ಹೊರಗಿಡುವ ಕಟ್ಟಳೆ ಬಂದಿತ್ತು. ಹದಿನೇಳನೆಯ ಶತಮಾನದಲ್ಲಿ ಇಂಗ್ಲಿಷರೂ ಇಲ್ಲಿನ ಜಾತಿಗೆ ಈ ಮಾತನ್ನೇ ಬಳಸತೊಡಗಿದರು.

‘ಕಾಸ್ತಾ’ ಗಾಥಿಕ್ ಮೂಲದ್ದು ಎನ್ನುವ ವಿದ್ವಾಂಸರಿದ್ದಾರೆ. ಆದರೆ ರೂಢಿಯಲ್ಲಿರುವ ವಿವರಣೆ ಲ್ಯಾಟಿನ್ನಿನ ‘ಕಾಸ್ತುಸ್’ಗೆ ಒಯ್ಯುತ್ತದೆ: ಶುದ್ಧ, ಕಳಂಕವಿಲ್ಲದ್ದು. ನಮ್ಮ ಮಾತಲ್ಲಿ ಮಡಿ. ಶೀಲವಂತೆ ಎನ್ನುವ ‘ಚೇಸ್ಟ್’ ಇದರ ಕುಡಿ. ದಂಡಿಸು ಎನ್ನುವ ‘ಕ್ಯಾಸ್ಟಿಗೇಟ್’ ಕೂಡ ಇದರದ್ದೇ. ಶುದ್ಧ ಮಾಡುವುದೇ ಅಲ್ಲಿ ಶಿಕ್ಷೆಯಾಗಿದೆ. ‘ಕಾಸ್ತುಸ್’ನ ಬುಡದಲ್ಲಿ ‘ಕತ್ತರಿಸು’ ಎಂಬ ಧಾತುವನ್ನು ಹಲವು ಭಾಷಾಶಾಸ್ತ್ರಜ್ಞರು ಗುರುತಿಸುತ್ತಾರೆ. ಅಂದರೆ ಕತ್ತರಿಸಿಕೊಂಡು ದೂರ ನಿಂತದ್ದೇ ಶುದ್ಧ!

ನನಗೆ ಮಡಿವಾಳ ನೆನಪಾದ. ಊರಿನ ಬಟ್ಟೆಯನ್ನೆಲ್ಲ ಮಡಿ ಮಾಡಿಕೊಡುವವನು ಅವನು. ಆದರೆ ಊರಿನ ಮಡಿಯೊಳಗೆ ಅವನಿಗೇ ಜಾಗವಿಲ್ಲ. ಮಡಿ ಅನ್ನೋದು ಕೊಳೆಯ ಪ್ರಶ್ನೆಯಲ್ಲ, ದೂರದ ಪ್ರಶ್ನೆ.

1916ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದ ಪ್ರಬಂಧದಲ್ಲಿ ಅಂಬೇಡ್ಕರರು ಇದೇ ಶಬ್ದ ಬಳಸಿದರು. ಆದರೆ ಜಾತಿಯ ತಿರುಳು ಮೈಲಿಗೆಯಲ್ಲಿದೆ ಎಂಬ ವಾದವನ್ನು ಅವರು ಒಪ್ಪಲಿಲ್ಲ. ಒಳಗೊಳಗೇ ಮದುವೆ ಎಂಬ ಬೇಲಿಯನ್ನು ತೋರಿಸಿದರು. ಶಬ್ದ ಮೇಲಿನವರ ಮಡಿಯನ್ನು ಹೇಳುತ್ತಿತ್ತು, ಬಾಬಾಸಾಹೇಬರು ಆ ಮಡಿಯ ಹಿಂದಿನ ಯಂತ್ರವನ್ನು ಬಿಚ್ಚಿಟ್ಟರು.

‘ದಲಿತ’ದ ಸಂಸ್ಕೃತ ಧಾತು ‘ದಲ್’: ಸೀಳು, ಒಡೆ. ಎರಡೂ ಶಬ್ದಗಳ ಬುಡದಲ್ಲಿ ಕತ್ತಿಯಿದೆ. ಒಂದರಲ್ಲಿ, ಕತ್ತರಿಸಿಕೊಂಡು ನಿಂತವನು ತನ್ನನ್ನು ಶುದ್ಧ ಎಂದು ಕರೆದುಕೊಂಡಿದ್ದಾನೆ. ಇನ್ನೊಂದರಲ್ಲಿ, ಸೀಳಿಸಿಕೊಂಡವನು ಗಾಯವನ್ನೇ ತನ್ನ ಹೆಸರು ಮಾಡಿಕೊಂಡಿದ್ದಾನೆ. ಕೋರ್ಟು ಕಚೇರಿಗೆ ‘ಕಾಸ್ಟ್’ ಬೇಕು, ಬಳಸೋಣ. ಆದರೆ ನಮ್ಮ ವಿಮರ್ಶೆ ಯಾವ ಶಬ್ದದ ಕಡೆಯಿಂದ ನೋಡುತ್ತಿದೆ ಅಂತ ಕೇಳಿಕೊಳ್ಳೋದನ್ನ ಮಾತ್ರ ಬಿಡಬಾರದು.