ಗೇಟಿನಾಚೆಯ ಗಂಟೆಗಳು: ಬೆಂಗಳೂರಿನ ಬ್ಯಾಂಕ್ ಕೇಂದ್ರಗಳ ಗುತ್ತಿಗೆ ನೌಕರರ ದುಡಿಮೆ ಮತ್ತು ಓಡಾಟ

ಬೆಂಗಳೂರಿನ ಹೊರ ವರ್ತುಲ ರಸ್ತೆಯ ಬೆಳ್ಳಂದೂರು, ದೇವರಬೀಸನಹಳ್ಳಿ, ಕಾಡುಬೀಸನಹಳ್ಳಿಗಳ ಟೆಕ್ ಪಾರ್ಕುಗಳಲ್ಲಿ ಗೋಲ್ಡ್‌ಮನ್ ಸ್ಯಾಕ್ಸ್, ವೆಲ್ಸ್ ಫಾರ್ಗೊಗಳಂಥ ಅಮೆರಿಕದ ಬ್ಯಾಂಕುಗಳ ದೊಡ್ಡ ಕೇಂದ್ರಗಳಿವೆ. ಇಂಥ ಕೇಂದ್ರಗಳಲ್ಲಿ ಸ್ವಂತ ನೌಕರರ ಜೊತೆಗೆ ಐಟಿ ಸೇವಾ ಕಂಪನಿಗಳ ಮೂಲಕ ಬಂದ ಎಂಜಿನಿಯರುಗಳು, ಏಜೆನ್ಸಿಯವರು ಕಳಿಸಿದ ಸೆಕ್ಯೂರಿಟಿ ಗಾರ್ಡುಗಳು, ಹೌಸ್‌ಕೀಪಿಂಗ್‌ನವರು ದುಡಿಯುವುದು ಸಾಮಾನ್ಯ. ಮನೆಯಿಂದ ಗೇಟಿನವರೆಗೆ ಇವರು ಕಳೆಯುವ ಹೊತ್ತು ಯಾರ ಲೆಕ್ಕಕ್ಕೆ ಸೇರಬೇಕು ಎಂಬುದು ಈ ಲೇಖನದ ಪ್ರಶ್ನೆ.

ಗುತ್ತಿಗೆ ಎಂಜಿನಿಯರನ ದಿನ ನಿಂತಿರುವುದು ಟೈಮ್‌ಶೀಟಿನ ಮೇಲೆ. ಅವನನ್ನು ಕಳಿಸಿದ ಐಟಿ ಸೇವಾ ಕಂಪನಿ, ಅಂದರೆ ವೆಂಡರ್, ಬ್ಯಾಂಕಿಗೆ ಗಂಟೆಯ ಅಥವಾ ದಿನದ ದರದಲ್ಲಿ ಬಿಲ್ ಮಾಡುವ ಕಡೆಗಳಲ್ಲಿ ಅದು ಕೇವಲ ಹಾಜರಿಯಲ್ಲ, ಹಣದ ದಾಖಲೆ. ಗೇಟಿನಲ್ಲಿ ಕಾರ್ಡ್ ಸ್ವೈಪ್ ಮಾಡಿದ ಹೊತ್ತಿಗೂ ಟೈಮ್‌ಶೀಟಿಗೂ ತಾಳೆಯಾಗದಿದ್ದರೆ ಪ್ರಶ್ನೆ ಬರುತ್ತದೆ. ಮಳೆಗೆ ಬೆಳ್ಳಂದೂರಿನ ಬಳಿ ರಸ್ತೆಯಲ್ಲಿ ನೀರು ನಿಂತು ಬಸ್ಸು ಕದಲದಿದ್ದರೆ, ತಡವಾದ ಆ ಹೊತ್ತನ್ನು ಸಂಜೆ ಕೂತು ತುಂಬಿಸಿಕೊಡಬೇಕಾದವನು ನೌಕರನೇ.

ಸಂಜೆಯಾದರೂ ಅವನ ಕೈಯಲ್ಲಿದೆಯೇ? ನ್ಯೂಯಾರ್ಕಿನ ಬೆಳಿಗ್ಗೆ 9 ಗಂಟೆಯ ಮೀಟಿಂಗ್ ಅಲ್ಲಿನ ಬೇಸಿಗೆಯಲ್ಲಿ ನಮಗೆ ಸಂಜೆ 6.30ಕ್ಕೆ. ನವೆಂಬರಿನಲ್ಲಿ ಅವರು ಗಡಿಯಾರ ಹಿಂದಿಟ್ಟ ಮರುದಿನದಿಂದ ಅದೇ ಮೀಟಿಂಗ್ 7.30ಕ್ಕೆ. ಕೆಂಗೇರಿಯವನೊಬ್ಬ ಕಾಡುಬೀಸನಹಳ್ಳಿಗೆ ಬರಬೇಕಾದರೆ ಮೆಟ್ರೊದ ನೇರಳೆ ಮಾರ್ಗದಲ್ಲಿ ಊರನ್ನು ಅಡ್ಡ ಹಾಯ್ದು ಕೆ.ಆರ್. ಪುರದಲ್ಲಿ ಇಳಿದು 500-ಡಿ ಬಸ್ಸು ಹಿಡಿಯಬೇಕು. 2023ರ ಅಕ್ಟೋಬರಿನಲ್ಲಿ ಆ ಮಾರ್ಗ ಪೂರ್ಣಗೊಂಡದ್ದು, 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಸಿಲ್ಕ್ ಬೋರ್ಡ್ ಮುಟ್ಟಿದ್ದು ದೊಡ್ಡ ಅನುಕೂಲವೇ ಸರಿ. ನ್ಯೂಯಾರ್ಕಿನ ಗಡಿಯಾರಕ್ಕೆ ತಕ್ಕಂತೆ ಒಂದು ಗಂಟೆ ತಡವಾಗಿ ಹೊರಟವನಿಗೆ ಮಾತ್ರ ಬಸ್ಸು ಕಾಯುವ ಹೊತ್ತೂ ಉದ್ದವಾಗುತ್ತದೆ, ಮನೆಯ ಊಟದ ಹೊತ್ತೂ ಮೀರುತ್ತದೆ.

ಆಫೀಸಿನ ಹತ್ತಿರವೇ ಮನೆ ಮಾಡಿದರಾಯಿತು ಎನ್ನುವವರಿದ್ದಾರೆ. ಬಾಡಿಗೆ ಕರಾರು ಸಾಮಾನ್ಯವಾಗಿ 11 ತಿಂಗಳಿನದು, ಅದರ ಮೇಲೆ ತಿಂಗಳುಗಟ್ಟಲೆ ಅಡ್ವಾನ್ಸ್. ಪ್ರಾಜೆಕ್ಟ್ ಮುಗಿದೊಡನೆ ವೆಂಡರ್ ಇದೇ ಎಂಜಿನಿಯರನನ್ನು ಮಾನ್ಯತಾ ಪಾರ್ಕಿಗೋ ಎಲೆಕ್ಟ್ರಾನಿಕ್ ಸಿಟಿಗೋ ಕಳಿಸಬಹುದು. ದುಡಿಯುವ ಜಾಗವನ್ನು ಆರಿಸುವವರು ಬೇರೆ, ಅಲ್ಲಿಗೆ ಹೋಗಿ ಬರುವ ಹೊತ್ತು ತೆರುವವನು ಬೇರೆ. ಗುತ್ತಿಗೆ ದುಡಿಮೆಯ ಅನ್ಯಾಯ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಇಲ್ಲಿ ಎಂಬುದು ನನ್ನ ಅಭಿಪ್ರಾಯ.

ಕಾನೂನು ಏನು ಹೇಳುತ್ತದೆ? ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ದಿನಕ್ಕೆ 9, ವಾರಕ್ಕೆ 48 ಗಂಟೆಗಳ ಮಿತಿ ಹಾಕಿತು. ಹೆಚ್ಚುವರಿ ದುಡಿಮೆಗೆ ಎರಡು ಪಟ್ಟು ಕೂಲಿ ಎಂದಿತು. 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆ ಕ್ಯಾಂಟೀನು, ವಿಶ್ರಾಂತಿ ಕೊಠಡಿ, ಕುಡಿಯುವ ನೀರನ್ನು ಗುತ್ತಿಗೆದಾರ ಒದಗಿಸದಿದ್ದರೆ ಮೂಲ ಮಾಲೀಕನೇ ಒದಗಿಸಬೇಕೆಂದಿತು. ಎರಡರ ಕಣ್ಣೂ ಇದ್ದದ್ದು ಗೇಟಿನ ಒಳಗೇ.

ಅಪಘಾತದ ಕಾನೂನು ಮಾತ್ರ ಗೇಟು ದಾಟಿ ರಸ್ತೆಗೆ ಬಂದಿದೆ. ಇಎಸ್‌ಐ (ನೌಕರರ ರಾಜ್ಯ ವಿಮೆ) ಕಾಯ್ದೆಗೆ 2010ರಲ್ಲಿ ಸೇರಿದ 51-ಇ ಕಲಮು ಮನೆ ಮತ್ತು ಕೆಲಸದ ಜಾಗದ ನಡುವೆ ಆದ ಅಪಘಾತವೂ, ಕೆಲಸದೊಂದಿಗೆ ನಂಟಿದ್ದರೆ, ಕೆಲಸದ ಅಪಘಾತವೇ ಎಂದಿತು. ನಸುಕಿನ 3ರ ಪಾಳಿಗೆ ಹೊರಟು ದಾರಿಯಲ್ಲಿ ಸತ್ತ ಸಕ್ಕರೆ ಕಾರ್ಖಾನೆಯ ಕಾವಲುಗಾರನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಇದೇ ನಿಲುವನ್ನು ನೌಕರರ ಪರಿಹಾರ ಕಾಯ್ದೆಗೂ ವಿಸ್ತರಿಸಿತು. ಇಎಸ್‌ಐಗೆ 2017ರಿಂದ ತಿಂಗಳ ವೇತನ ಮಿತಿ 21,000 ರೂಪಾಯಿ. ಗಾರ್ಡ್ ಅದರೊಳಗೆ ಬರಬಹುದು. ಅದಕ್ಕಿಂತ ಹೆಚ್ಚು ಸಂಬಳದ ಎಂಜಿನಿಯರ್ ಬರುವುದಿಲ್ಲ.

ಅಂದರೆ ರಸ್ತೆಯಲ್ಲಿ ಕಾಲು ಮುರಿದರೆ ಆ ಪ್ರಯಾಣ ಕೆಲಸದ ಭಾಗ. ಸುರಕ್ಷಿತವಾಗಿ ತಲುಪಿದರೆ ಅದು ನೌಕರನ ಸ್ವಂತ ವ್ಯವಹಾರ. ಈ ವಿರೋಧಾಭಾಸವನ್ನು ಸಮರ್ಥಿಸುವ ತರ್ಕ ನನಗೆ ಕಾಣುವುದಿಲ್ಲ. ಐರೋಪ್ಯ ಒಕ್ಕೂಟದ ನ್ಯಾಯಾಲಯ 2015ರಲ್ಲಿ ಸ್ಪೇನಿನ ಟೈಕೊ ಕಂಪನಿಯ ತಂತ್ರಜ್ಞರ ಪ್ರಕರಣದಲ್ಲಿ, ನಿಶ್ಚಿತ ಕಚೇರಿಯಿಲ್ಲದವರು ಮನೆಯಿಂದ ದಿನದ ಮೊದಲ ಗ್ರಾಹಕನಲ್ಲಿಗೆ ಹೋಗುವ ಮತ್ತು ಕೊನೆಯ ಗ್ರಾಹಕನಿಂದ ಮರಳುವ ಹೊತ್ತನ್ನು ದುಡಿಮೆಯ ಹೊತ್ತೆಂದೇ ಎಣಿಸಿತು. ತಿಂಗಳುಗಟ್ಟಲೆ ಒಂದೇ ಕಟ್ಟಡಕ್ಕೆ ಹೋಗುವ ನಮ್ಮ ಗುತ್ತಿಗೆ ನೌಕರನಿಗೆ ಆ ತೀರ್ಪು ನೇರವಾಗಿ ಹೊಂದದು, ನಿಜ. ಆದರೂ ಜಾಗ ಗೊತ್ತುಮಾಡುವವನೇ ಅದರ ಹೊಣೆ ಹೊರಬೇಕೆಂಬ ತತ್ವ ಇಲ್ಲಿಗೂ ಸಲ್ಲುತ್ತದೆ.

ರಸ್ತೆಯ ಹೊತ್ತಿಗೆಲ್ಲ ಕೂಲಿ ಕೊಡಿ ಎಂಬುದು ಈ ಲೇಖನದ ವಾದವಲ್ಲ. ಬ್ಯಾಂಕ್ ತನ್ನ ನೌಕರರಿಗೆ ಓಡಿಸುವ ಕ್ಯಾಬಿನಲ್ಲಿ ಗುತ್ತಿಗೆಯವರಿಗೂ ಸೀಟು ಕೊಡಲಿ. ನವೆಂಬರಿನ ಗಡಿಯಾರ ಬದಲಾವಣೆಗೆ ತಕ್ಕಂತೆ ಬೆಳಗಿನ ಸ್ವೈಪನ್ನೂ ಒಂದು ಗಂಟೆ ಮುಂದಕ್ಕೆ ಹಾಕಲಿ. ವೆಂಡರ್ ಜೊತೆಗಿನ ಒಪ್ಪಂದದಲ್ಲೇ ಇವೆರಡನ್ನೂ ಬರೆಯಲಿ. ಕಾರ್ಮಿಕ ಇಲಾಖೆ ಹೊರ ವರ್ತುಲ ರಸ್ತೆಯ ಗುತ್ತಿಗೆ ನೌಕರರು ಮನೆ ಬಿಟ್ಟ ಮತ್ತು ಮನೆ ಸೇರಿದ ವೇಳೆಯ ಸಮೀಕ್ಷೆ ನಡೆಸಿ ಅಂಕಿಅಂಶಗಳನ್ನು ಸಂಶೋಧಕರಿಗೆ ಮುಕ್ತವಾಗಿ ಒದಗಿಸಬೇಕು.